ರೋಗಿಯ ದೃಷ್ಟಿಯಲ್ಲಿ ಆಸ್ಪತ್ರೆಯ ಗುಣಮಟ್ಟ

ಆಸ್ಪತ್ರೆಯಿಂದ ಮನೆಗೆ ಮರಳಿದವರನ್ನು ಕಾಣಲು ಹೋದಾಗ ನಾವು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತೇವೆ. ಮೊದಲನೆಯದು, “ಈಗ ಹೇಗಿದೆ?” ಎಂಬುದು. ಎರಡನೆಯದು, “ಅಲ್ಲಿ ಚೆನ್ನಾಗಿ ನೋಡಿಕೊಂಡರೇ?” ಎಂಬುದು. ಈ ಎರಡನೆಯ ಪ್ರಶ್ನೆಯಲ್ಲಿ ನಮ್ಮ ಭಾಷೆಯು ಒಂದು ಸೂಕ್ಷ್ಮವನ್ನು ಅಡಗಿಸಿಟ್ಟಿದೆ. ವೈದ್ಯರು ರೋಗಿಯನ್ನು ‘ನೋಡುವುದು’ ಬೇರೆ, ‘ನೋಡಿಕೊಳ್ಳುವುದು’ ಬೇರೆ. ನಾಡಿ ಹಿಡಿದು, ಎದೆಯ ಬಡಿತವನ್ನಾಲಿಸಿ, ಔಷಧಿಯನ್ನು ಬರೆದುಕೊಡುವುದು ನೋಡುವ ಕೆಲಸ. ನೋವಿನಲ್ಲಿರುವವನ ಮಾತನ್ನು ಕೇಳುವುದು, ಕರೆದಾಗ ಬರುವುದು, ಏನಾಗುತ್ತಿದೆಯೆಂದು ತಿಳಿಸಿ ಹೇಳುವುದು, ಮರ್ಯಾದೆಯಿಂದ ನಡೆಸಿಕೊಳ್ಳುವುದು ಇವೆಲ್ಲ ಕೂಡಿದರೆ ನೋಡಿಕೊಳ್ಳುವುದಾಗುತ್ತದೆ. ಮೊದಲನೆಯದನ್ನು ವೈದ್ಯಶಾಸ್ತ್ರ ಬಲ್ಲವರು ಮಾತ್ರ ಅಳೆಯಬಲ್ಲರು. ಎರಡನೆಯದನ್ನು ಅನುಭವಿಸಿದ ರೋಗಿಗಿಂತ ಚೆನ್ನಾಗಿ ಅಳೆಯಬಲ್ಲವರು ಮತ್ತಾರೂ ಇಲ್ಲ.

ರೋಗಿಗಳು ತಮಗೆ ದೊರೆತ ಶುಶ್ರೂಷೆಯ ಗುಣವನ್ನು ಹೇಗೆ ನಿರ್ಣಯಿಸುತ್ತಾರೆ, ಆ ನಿರ್ಣಯವನ್ನು ಎಷ್ಟರಮಟ್ಟಿಗೆ ನಂಬಬಹುದು, ಅದನ್ನು ತಿಳಿಯಬೇಕಾದರೆ ಅವರನ್ನು ಏನೆಂದು ಕೇಳಬೇಕು ಎಂಬ ವಿಚಾರಗಳನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲು ಯತ್ನಿಸಲಾಗಿದೆ. ಈ ಸಂಚಿಕೆಯ ವಾಚಕರಲ್ಲಿ ಅಧ್ಯಾಪಕರಿದ್ದಾರೆ. ವೈದ್ಯರೂ ದಾದಿಯರೂ ಆಗಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳಿದ್ದಾರೆ. ಶಾಲೆಗಳಿಗೂ ಆಸ್ಪತ್ರೆಗಳಿಗೂ ಉದಾರವಾಗಿ ನೀಡುವ ದಾನಿಗಳಿದ್ದಾರೆ. ಈ ಮೂವರಿಗೂ ಈ ವಿಷಯವು ಹೊರಗಿನದಲ್ಲ.

ಆಯ್ಕೆಯ ಕಾಲ

ಬೆಂಗಳೂರು ವಿಶ್ವವಿದ್ಯಾನಿಲಯವು 1964ರಲ್ಲಿ ಸ್ಥಾಪಿತವಾಗಿ, 1973ರಲ್ಲಿ ಜ್ಞಾನಭಾರತಿಯ ಆವರಣಕ್ಕೆ ಬಂದಿತು. ಆ ಕಾಲದಲ್ಲಿ ಕೆಂಗೇರಿಯಾಗಲಿ ನಾಗರಭಾವಿಯಾಗಲಿ ನಗರದ ಹೊರಗಿನ ಊರುಗಳೇ ಆಗಿದ್ದವು. ದೊಡ್ಡ ಕಾಯಿಲೆಯೆಂದರೆ ಜನರ ನೆನಪಿಗೆ ಬರುತ್ತಿದ್ದುದು ವಿಕ್ಟೋರಿಯಾ ಆಸ್ಪತ್ರೆ, ಹೆರಿಗೆಯೆಂದರೆ ವಾಣಿವಿಲಾಸ. 1897ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅಡಿಗಲ್ಲಿಟ್ಟು 1900ರಲ್ಲಿ ಬಾಗಿಲು ತೆರೆದ ವಿಕ್ಟೋರಿಯಾ ಆಸ್ಪತ್ರೆಯನ್ನೂ, 1935ರಲ್ಲಿ ಆರಂಭವಾದ ವಾಣಿವಿಲಾಸ ಆಸ್ಪತ್ರೆಯನ್ನೂ ‘ಒಳ್ಳೆಯದೋ ಅಲ್ಲವೋ’ ಎಂದು ಕೇಳುವ ಪ್ರಮೇಯವೇ ಬಡವರಿಗೆ ಹೆಚ್ಚಾಗಿ ಇರಲಿಲ್ಲ. ಇದ್ದದ್ದು ಅದೊಂದು, ಹೋಗಬೇಕಾದದ್ದೂ ಅಲ್ಲಿಗೇ.

ಇಂದು ಪರಿಸ್ಥಿತಿ ಬದಲಾಗಿದೆ. 2021ರಲ್ಲಿ ಕೆಂಗೇರಿಯವರೆಗೆ ಮೆಟ್ರೋ ರೈಲು ಬಂದು ಜ್ಞಾನಭಾರತಿಯ ಹೆಸರಿನಲ್ಲೇ ಒಂದು ನಿಲ್ದಾಣವಾಯಿತು. ರಾಜಾಜಿನಗರದಿಂದ ಮೈಸೂರು ರಸ್ತೆಯವರೆಗೆ ಸರ್ಕಾರಿ ಆಸ್ಪತ್ರೆ, ಕಾರ್ಮಿಕರ ವಿಮಾ ಆಸ್ಪತ್ರೆ, ಧರ್ಮಾರ್ಥ ಆಸ್ಪತ್ರೆ, ಖಾಸಗಿ ಆಸ್ಪತ್ರೆ, ಬೀದಿಬೀದಿಯ ನರ್ಸಿಂಗ್ ಹೋಂ ಹೀಗೆ ಹಲವು ಬಗೆಯವು ಎದ್ದಿವೆ. ಮಾಗಡಿ, ರಾಮನಗರಗಳ ಕಡೆಯ ಹಳ್ಳಿಗಳಿಂದ ಬರುವ ರೋಗಿಗಳೂ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿದೆ. ಆಯ್ಕೆ ಬಂದಲ್ಲಿ ಅಳತೆಯೂ ಬರಲೇಬೇಕು. ಆದರೆ ಅಳತೆಗೋಲು ಯಾವುದು?

ಗುಣಮಟ್ಟದ ಮೂರು ಮುಖಗಳು

ಈ ಪ್ರಶ್ನೆಗೆ ಶಾಸ್ತ್ರೀಯವಾದ ಉತ್ತರವೊಂದನ್ನು ಕೊಟ್ಟವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಅವೆಡಿಸ್ ಡೊನಬೇಡಿಯನ್. 1966ರಲ್ಲಿ ಪ್ರಕಟವಾದ ತಮ್ಮ ಲೇಖನದಲ್ಲಿ ಅವರು ವೈದ್ಯಕೀಯ ಶುಶ್ರೂಷೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬೇಕೆಂದು ಸೂಚಿಸಿದರು. ಮೊದಲನೆಯದು ಆಸ್ಪತ್ರೆಯ ರಚನೆ: ಕಟ್ಟಡ, ಹಾಸಿಗೆ, ಯಂತ್ರ, ವೈದ್ಯರ ಮತ್ತು ದಾದಿಯರ ಸಂಖ್ಯೆ. ಎರಡನೆಯದು ಕ್ರಿಯೆ: ರೋಗವನ್ನು ಗುರುತಿಸಿದ ರೀತಿ, ಚಿಕಿತ್ಸೆ ನಡೆಸಿದ ರೀತಿ, ರೋಗಿಯೊಡನೆ ನಡೆದುಕೊಂಡ ರೀತಿ. ಮೂರನೆಯದು ಫಲ: ರೋಗಿ ಗುಣವಾದನೇ, ಬದುಕಿದನೇ, ಮತ್ತೆ ದುಡಿಮೆಗೆ ಹಿಂತಿರುಗಿದನೇ ಎಂಬುದು.

ನಾವು ಆಸ್ಪತ್ರೆಗಳನ್ನು ಕುರಿತು ಮಾತನಾಡುವಾಗ ಬಹುಮಟ್ಟಿಗೆ ಮೊದಲನೆಯ ಮುಖವನ್ನೇ ನೋಡುತ್ತೇವೆ. ದಾನಿಗಳ ಹೆಸರಿನ ಕಲ್ಲನ್ನು ಹಾಕಲು ಅನುಕೂಲವಾದುದೂ ಅದೇ. ವೈದ್ಯರು ಎರಡನೆಯದರ ತಾಂತ್ರಿಕ ಭಾಗವನ್ನೂ ಮೂರನೆಯದನ್ನೂ ಮುಖ್ಯವೆಂದು ಎಣಿಸುತ್ತಾರೆ. ರೋಗಿಯಾದರೋ ಎರಡನೆಯದರ ಮಾನವೀಯ ಭಾಗದೊಳಗೆ ಹಗಲಿರುಳು ಇರುತ್ತಾನೆ. ಅವನು ಕೊಡುವ ಸಾಕ್ಷ್ಯವೂ ಅಲ್ಲಿಂದಲೇ ಬರುತ್ತದೆ.

ರೋಗಿಗೆ ಕಾಣುವ ಸಂಗತಿಗಳು

ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಅರಿವಳಿಕೆಯಿಂದ ಮಲಗಿರುವವನಿಗೆ ಹೊಲಿಗೆ ಸರಿಯಾಗಿ ಬಿದ್ದಿತೇ ಎಂಬುದು ತಿಳಿಯದು. ಆದರೆ ಅದಕ್ಕೆ ಮುಂಚೆ ಹೊರರೋಗಿಗಳ ವಿಭಾಗದಲ್ಲಿ ಚೀಟಿ ಹಿಡಿದು ಎಷ್ಟು ಹೊತ್ತು ನಿಂತೆ, ರಕ್ತಪರೀಕ್ಷೆಗೆ ಒಂದು ಕಟ್ಟಡ, ಎಕ್ಸ್‌ರೇಗೆ ಇನ್ನೊಂದು ಕಟ್ಟಡ ಎಂದು ಎಷ್ಟು ಸಲ ಅಲೆದೆ, ಕೊನೆಗೆ ವೈದ್ಯರು ತಲೆಯೆತ್ತಿ ಮುಖ ನೋಡಿದರೇ ಎಂಬುದು ಚೆನ್ನಾಗಿ ತಿಳಿಯುತ್ತದೆ. ಹೀಗೆ ತಿಳಿಯುವ ಸಂಗತಿಗಳು ಮುಖ್ಯವಾಗಿ ಐದು.

ಒಂದನೆಯದು ಕಾಲ. ಕಾಯುವಿಕೆಯ ಉದ್ದಕ್ಕಿಂತಲೂ ಅದರ ಅನಿಶ್ಚಿತತೆಯೇ ರೋಗಿಯನ್ನು ಹೆಚ್ಚು ಬಳಲಿಸುತ್ತದೆ. ಎರಡು ಗಂಟೆಯಾಗುತ್ತದೆಯೆಂದು ಮೊದಲೇ ಹೇಳಿದರೆ ಮನಸ್ಸು ಸಿದ್ಧವಾಗುತ್ತದೆ. ‘ಕೂತ್ಕೊಳ್ಳಿ, ಕರೀತಾರೆ’ ಎಂದಷ್ಟೇ ಹೇಳಿದರೆ ನೀರು ಕುಡಿಯಲು ಎದ್ದುಹೋಗುವುದಕ್ಕೂ ಭಯ. ದಿನಗೂಲಿಯವನಿಗೆ ಕಾಯುವ ದಿನವು ಕೂಲಿ ಹೋದ ದಿನವೂ ಹೌದು.

ಎರಡನೆಯದು ಮಾತು. ಏನು ಕಾಯಿಲೆ, ಏಕೆ ಈ ಪರೀಕ್ಷೆ, ಈ ಮಾತ್ರೆಯನ್ನು ಊಟಕ್ಕೆ ಮುಂಚೆ ನುಂಗಬೇಕೋ ಆಮೇಲೋ, ಮತ್ತೆ ಯಾವಾಗ ಬರಬೇಕು ಎಂಬುದನ್ನು ತನಗರ್ಥವಾಗುವ ಕನ್ನಡದಲ್ಲಿ ಯಾರಾದರೂ ಹೇಳಿದರೇ ಎಂಬುದು. ಇಂಗ್ಲಿಷಿನಲ್ಲಿ ಅಚ್ಚಾದ ಒಪ್ಪಿಗೆಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಒಪ್ಪಿಗೆ ದೊರೆತಂತಾಗುವುದಿಲ್ಲ. ಚಿಕಿತ್ಸೆಯ ಸ್ವರೂಪವನ್ನೂ ಅಪಾಯವನ್ನೂ ಬೇರೆ ಮಾರ್ಗಗಳನ್ನೂ ತಿಳಿಸಿದ ಮೇಲೆ ಪಡೆದ ಒಪ್ಪಿಗೆಯೇ ಒಪ್ಪಿಗೆಯೆಂದು ಸರ್ವೋಚ್ಚ ನ್ಯಾಯಾಲಯವು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಮೂರನೆಯದು ಶುಚಿತ್ವ. ಹಾಸಿಗೆಯ ಹೊದಿಕೆ, ಶೌಚಾಲಯ, ನೆಲ, ದಾದಿಯ ಕೈ ಇವುಗಳನ್ನು ರೋಗಿಯೂ ಅವನ ಜೊತೆಯವರೂ ನಿತ್ಯವೂ ನೋಡುತ್ತಾರೆ. ವಾರಕ್ಕೊಮ್ಮೆ ಬರುವ ಪರಿವೀಕ್ಷಕರಿಗೆ ತೋರುವುದು ತೊಳೆದ ನೆಲ. ರಾತ್ರಿ ಮೂರು ಗಂಟೆಗೆ ಶೌಚಾಲಯಕ್ಕೆ ಹೋದವನಿಗೆ ಕಾಣುವುದು ಆಸ್ಪತ್ರೆಯ ನಿಜಸ್ಥಿತಿ.

ನಾಲ್ಕನೆಯದು ಮರ್ಯಾದೆ. ಇದನ್ನು ಅಳೆಯಲು ಕನ್ನಡಿಗರಿಗೆ ಬೇರೆ ಸಾಧನವೇ ಬೇಡ. ಅರವತ್ತು ವರ್ಷದ ಮುದುಕನನ್ನು ಇಪ್ಪತ್ತರ ಹುಡುಗ ಏಕವಚನದಲ್ಲಿ ಕರೆದನೋ, ‘ಯಜಮಾನರೇ, ಬನ್ನಿ’ ಎಂದನೋ ಎಂಬುದು ಎಲ್ಲವನ್ನೂ ಹೇಳಿಬಿಡುತ್ತದೆ. ಹೆಂಗಸರನ್ನು ಪರೀಕ್ಷಿಸುವಾಗ ಪರದೆ ಎಳೆದರೇ, ‘ಹದಿನೇಳನೆಯ ಬೆಡ್ಡು’ ಎನ್ನದೆ ಹೆಸರು ಹಿಡಿದು ಮಾತನಾಡಿಸಿದರೇ ಎಂಬುದೂ ಇದರಲ್ಲೇ ಸೇರಿತು.

ಐದನೆಯದು ಹಣದ ಪಾರದರ್ಶಕತೆ. ಎಷ್ಟಾಗುತ್ತದೆಯೆಂದು ಮೊದಲೇ ಹೇಳಿದರೇ, ಕೊಟ್ಟದ್ದಕ್ಕೆಲ್ಲ ರಸೀದಿ ಬಂದಿತೇ, ಗಾಲಿಕುರ್ಚಿ ತಳ್ಳಿದವನ ಕೈ ಏನನ್ನಾದರೂ ನಿರೀಕ್ಷಿಸಿತೇ ಎಂಬುದು.

ರೋಗಿಯ ಮಾತೇ ನಿಜವಾದಾಗ

ಇವೆಲ್ಲ ಕ್ಷುಲ್ಲಕ ಸಂಗತಿಗಳು, ರೋಗ ವಾಸಿಯಾಗುವುದೇ ಮುಖ್ಯ ಎಂದು ಕೆಲವರು ವಾದಿಸಬಹುದು. ಅವರು ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯ ಇತಿಹಾಸವನ್ನು ಗಮನಿಸಬೇಕು. 1840ರ ದಶಕದಲ್ಲಿ ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ವಿದ್ಯೆಯ ದೃಷ್ಟಿಯಿಂದ ಮೊದಲನೆಯದೇ ಮೇಲು. ಆದರೆ ಊರಿನ ಬಡ ಹೆಂಗಸರು ಮೊದಲನೆಯ ವಿಭಾಗಕ್ಕೆ ತಮ್ಮನ್ನು ಸೇರಿಸಬೇಡಿರೆಂದು ಮೊಣಕಾಲೂರಿ ಬೇಡುತ್ತಿದ್ದರು. 1841ರಿಂದ 1846ರವರೆಗಿನ ಲೆಕ್ಕದಂತೆ ಮೊದಲನೆಯ ವಿಭಾಗದಲ್ಲಿ ನೂರಕ್ಕೆ ಸುಮಾರು 10 ಮಂದಿ ಬಾಣಂತಿಯರು ಸತ್ತರೆ, ಎರಡನೆಯದರಲ್ಲಿ ಸತ್ತವರು ನೂರಕ್ಕೆ 4ಕ್ಕಿಂತ ಕಡಮೆ.

ಶವಪರೀಕ್ಷೆ ಮಾಡಿದ ಕೈಗಳಿಂದಲೇ ವೈದ್ಯರು ಗರ್ಭಿಣಿಯರನ್ನು ಮುಟ್ಟುತ್ತಿದ್ದುದು ಇದಕ್ಕೆ ಕಾರಣವೆಂದು ಇಗ್ನಾಜ್ ಸೆಮ್ಮೆಲ್‌ವೈಸ್ ಕಂಡುಹಿಡಿದು, 1847ರಲ್ಲಿ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ಕ್ರಮವನ್ನು ತಂದರು. ಸಾವು ಕೂಡಲೇ ಇಳಿಯಿತು. ಕಾರಣವೇನೆಂದು ಆ ಹೆಂಗಸರಿಗೆ ತಿಳಿದಿರಲಿಲ್ಲ. ಆದರೆ ಎಲ್ಲಿ ಅಪಾಯವಿದೆಯೆಂಬುದು ತಿಳಿದಿತ್ತು. ಅವರ ಭಯವನ್ನು ಅಜ್ಞಾನವೆಂದು ತಳ್ಳದೆ ಸಾಕ್ಷ್ಯವೆಂದು ಬಗೆದಿದ್ದರೆ ಎಷ್ಟೋ ಜೀವಗಳು ಮೊದಲೇ ಉಳಿಯುತ್ತಿದ್ದವು.

ಈಚಿನ ಸಂಶೋಧನೆಗಳೂ ಇದನ್ನೇ ಸೂಚಿಸುತ್ತವೆ. 2013ರಲ್ಲಿ ಬ್ರಿಟನ್ನಿನ ಸಂಶೋಧಕರು 55 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ರೋಗಿಗಳ ಅನುಭವವು ಚೆನ್ನಾಗಿರುವ ಕಡೆ ಚಿಕಿತ್ಸೆಯ ಸುರಕ್ಷತೆಯೂ ಪರಿಣಾಮವೂ ಬಹುಮಟ್ಟಿಗೆ ಚೆನ್ನಾಗಿರುವುದು ಕಂಡುಬಂದಿತು. ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮಾತನ್ನು ಕೇಳಿಸಿಕೊಳ್ಳುವ ವೈದ್ಯನಿಗೆ ರೋಗದ ಸುಳಿವು ದೊರೆಯುತ್ತದೆ. ವಿವರಣೆ ಪಡೆದ ರೋಗಿ ಔಷಧಿಯನ್ನು ಕ್ರಮವಾಗಿ ತೆಗೆದುಕೊಳ್ಳುತ್ತಾನೆ. ಬೈಗಳಿಗೆ ಹೆದರಿದ ರೋಗಿ ಎದೆನೋವನ್ನೂ ಮುಚ್ಚಿಡುತ್ತಾನೆ.

ತಪ್ಪುವ ಅಳತೆಗಳು

ಆದರೆ ರೋಗಿಯ ನಿರ್ಣಯವು ಯಾವಾಗಲೂ ಸರಿಯೆಂದು ಹೇಳುವಂತಿಲ್ಲ. ತನಗೆ ಕಾಣದ ವಿಷಯವನ್ನು ಕಾಣುವ ಗುರುತಿನಿಂದ ಊಹಿಸಲು ಹೊರಟಾಗ ಅವನು ಎಡವುತ್ತಾನೆ. ಸೂಜಿ ಚುಚ್ಚಿದರೇ ಒಳ್ಳೆಯ ಡಾಕ್ಟರು, ಬರೀ ಮಾತ್ರೆ ಕೊಟ್ಟವರಿಗೆ ಏನೂ ಗೊತ್ತಿಲ್ಲ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ನಿಶ್ಶಕ್ತಿಯೆಂದವರಿಗೆಲ್ಲ ಗ್ಲೂಕೋಸ್ ಏರಿಸುವ ಚಿಕಿತ್ಸಾಲಯಗಳು ಈ ನಂಬಿಕೆಯಿಂದಲೇ ಬದುಕುತ್ತವೆ. ನಗರದಲ್ಲಿ ಅದೇ ನಂಬಿಕೆ ಬೇರೆ ವೇಷ ತೊಡುತ್ತದೆ: ಹೆಚ್ಚು ಸ್ಕ್ಯಾನ್ ಮಾಡಿಸಿದವರು ಹೆಚ್ಚು ಬಲ್ಲವರು, ಹೊಳೆಯುವ ಗ್ರಾನೈಟ್ ನೆಲವಿರುವ ಕಡೆ ಸೋಂಕಿರದು ಎಂದು.

ಇದರ ಅಪಾಯವನ್ನು ತೋರಿಸುವ ಅಧ್ಯಯನವೊಂದು 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಐವತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಗಮನಿಸಿದಾಗ, ಅತ್ಯಂತ ಹೆಚ್ಚು ತೃಪ್ತಿ ವ್ಯಕ್ತಪಡಿಸಿದವರಲ್ಲಿ ಔಷಧಿಗಳ ವೆಚ್ಚವೂ ಆಸ್ಪತ್ರೆಗೆ ಸೇರುವಿಕೆಯೂ ಹೆಚ್ಚಾಗಿದ್ದವು. ಸಾವಿನ ಪ್ರಮಾಣವೂ ಕಡಮೆಯಾಗಿರಲಿಲ್ಲ, ಹೆಚ್ಚೇ ಇದ್ದಿತು. ತೃಪ್ತಿಯೇ ಈ ಸಾವುಗಳಿಗೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ರೋಗಿ ಸಂತೋಷಪಟ್ಟನೆಂಬುದೂ ರೋಗಿಗೆ ಒಳ್ಳೆಯದಾಯಿತೆಂಬುದೂ ಒಂದೇ ಅಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

‘ತೃಪ್ತಿ’ ಎಂಬ ಮಾತಿನ ತೊಡಕು

ಇನ್ನೂ ದೊಡ್ಡ ತೊಡಕು ‘ತೃಪ್ತಿ’ ಎಂಬ ಮಾತಿನಲ್ಲೇ ಇದೆ. ಪರಶುರಾಮನ್, ಜೈಥಾಮಲ್, ಬೆರ್ರಿ ಎಂಬ ಮೂವರು ವಿದ್ವಾಂಸರು 1985ರಲ್ಲಿ ಯಾವುದೇ ಸೇವೆಯ ಗುಣವನ್ನು ಜನ ಅಳೆಯುವುದು ನಿರೀಕ್ಷೆಗೂ ಅನುಭವಕ್ಕೂ ನಡುವಿನ ಅಂತರದಿಂದ ಎಂದು ಪ್ರತಿಪಾದಿಸಿದರು. ಹಾಗಾದರೆ ನಿರೀಕ್ಷೆಯೇ ಇಲ್ಲದವನ ತೃಪ್ತಿಗೆ ಏನು ಬೆಲೆ? ಬಸವೇಶ್ವರನಗರದ ನಿವೃತ್ತ ಅಧಿಕಾರಿಯೊಬ್ಬರು ಖಾಸಗಿ ಆಸ್ಪತ್ರೆಯ ಪ್ರತ್ಯೇಕ ಕೋಣೆಯಲ್ಲಿ ಕಾಫಿ ತಣ್ಣಗಿತ್ತೆಂದು ದೂರಬಹುದು. ಮಾಗಡಿಯ ಕಡೆಯ ಕೂಲಿಯ ಹೆಂಗಸು ಸಾರ್ವಜನಿಕ ವಾರ್ಡಿನಲ್ಲಿ ಒಂದು ಮಂಚವನ್ನು ಇನ್ನೊಬ್ಬಳೊಡನೆ ಹಂಚಿಕೊಂಡು ಮಲಗಿದ್ದರೂ, “ಏನೋ, ದೇವರಂಥ ಡಾಕ್ಟರು, ಚೆನ್ನಾಗಿ ನೋಡಿಕೊಂಡರು” ಎನ್ನಬಹುದು. ಇವರಿಬ್ಬರ ಉತ್ತರವನ್ನು ಅಂಕೆಗಳಾಗಿ ಬರೆದರೆ ಮಂಚ ಹಂಚಿಕೊಳ್ಳಬೇಕಾದ ಆಸ್ಪತ್ರೆಯೇ ಮೇಲೆಂದು ತೀರ್ಮಾನವಾಗುತ್ತದೆ!

ಅಮರ್ತ್ಯ ಸೇನರು 2002ರಲ್ಲಿ ಇಂಥದೇ ವೈಚಿತ್ರ್ಯವೊಂದನ್ನು ಎತ್ತಿತೋರಿಸಿದರು. ಆಯುರ್ಮಾನದಲ್ಲಿ ಮುಂದಿರುವ ಕೇರಳದ ಜನರು ತಮಗೆ ಕಾಯಿಲೆಯಿದೆಯೆಂದು ಹೇಳಿಕೊಳ್ಳುವುದು ಹೆಚ್ಚು. ಹಿಂದುಳಿದ ಬಿಹಾರದ ಜನ ಹಾಗೆ ಹೇಳಿಕೊಳ್ಳುವುದು ಬಹಳ ಕಡಮೆ. ವಿದ್ಯೆಯೂ ವೈದ್ಯಕೀಯ ಸೌಲಭ್ಯವೂ ಇರುವ ಕಡೆ ಕೊರತೆಯನ್ನು ಗುರುತಿಸುವ ಕಣ್ಣೂ ಇರುತ್ತದೆ. ಆದ್ದರಿಂದ ದೂರು ಹೆಚ್ಚಾದಾಗಲೆಲ್ಲ ಸ್ಥಿತಿ ಕೆಟ್ಟಿದೆಯೆಂದಾಗಲಿ, ದೂರಿಲ್ಲದ ಕಡೆ ಎಲ್ಲವೂ ಸರಿಯಾಗಿದೆಯೆಂದಾಗಲಿ ತಿಳಿಯುವಂತಿಲ್ಲ.

ನಿರೀಕ್ಷೆಯ ಜೊತೆಗೆ ಕೃತಜ್ಞತೆ, ದಾಕ್ಷಿಣ್ಯ, ಭಯಗಳೂ ಸೇರುತ್ತವೆ. ಮತ್ತೆ ಅದೇ ಆಸ್ಪತ್ರೆಗೆ ಬರಬೇಕಾದವನು ಅಲ್ಲಿಯ ಸಿಬ್ಬಂದಿ ಎದುರಿಗಿರುವಾಗ ಬೇರೆ ಏನು ಹೇಳಿಯಾನು? 2018ರಲ್ಲಿ ಪ್ರಕಟವಾದ ನೈಜೀರಿಯಾ ದೇಶದ ಅಧ್ಯಯನವೊಂದರಲ್ಲಿ, ‘ಇಲ್ಲಿ ಎಲ್ಲವೂ ಚೆನ್ನಾಗಿದೆ’ ಎಂಬ ಬಗೆಯ ವಾಕ್ಯಗಳನ್ನು ಓದಿ ಒಪ್ಪುತ್ತೀರಾ ಎಂದು ಕೇಳಿದಾಗ ಕಂಡುಬಂದ ತೃಪ್ತಿಯು, ಅದನ್ನೇ ತಿರುವಿ ಕೊರತೆಯ ರೂಪದಲ್ಲಿ ಕೇಳಿದಾಗ ಗಣನೀಯವಾಗಿ ಇಳಿಯಿತು. ಶುಶ್ರೂಷೆ ಅದೇ, ಬದಲಾದದ್ದು ಪ್ರಶ್ನೆ ಮಾತ್ರ.

ಬೆಂಗಳೂರು ಕಲಿಸಿದ ಪಾಠ

ಹಾಗಾದರೆ ಹೇಗೆ ಕೇಳಬೇಕು? ಇದಕ್ಕೆ ಉತ್ತರವನ್ನು ನಮ್ಮ ನಗರದಲ್ಲೇ ಕಾಣಬಹುದು. ಡಾ. ಸ್ಯಾಮ್ಯುಯೆಲ್ ಪಾಲ್ ಅವರ ನೇತೃತ್ವದಲ್ಲಿ 1994ರಲ್ಲಿ ಬೆಂಗಳೂರಿನ ಸಾರ್ವಜನಿಕ ಸೇವೆಗಳನ್ನು ಕುರಿತು ನಾಗರಿಕರ ‘ವರದಿ ಪತ್ರ’ವೊಂದು ಹೊರಬಂದಿತು. ನಾವು ಶಾಲೆಯಲ್ಲಿ ಮಕ್ಕಳಿಗೆ ಅಂಕಪಟ್ಟಿ ಕೊಡುವಂತೆ, ನಾಗರಿಕರು ನೀರು, ವಿದ್ಯುತ್, ದೂರವಾಣಿ ಮೊದಲಾದ ಇಲಾಖೆಗಳಿಗೆ ಅಂಕ ಕೊಟ್ಟರು. ಸಾರ್ವಜನಿಕ ಆಸ್ಪತ್ರೆಗಳೂ ಆ ಪಟ್ಟಿಯಲ್ಲಿದ್ದವು. ಅವರು ಸ್ಥಾಪಿಸಿದ ಪಬ್ಲಿಕ್ ಅಫೇರ್ಸ್ ಸೆಂಟರ್ 1999ರಲ್ಲಿಯೂ 2003ರಲ್ಲಿಯೂ ಇಂಥ ಸಮೀಕ್ಷೆಗಳನ್ನು ಮುಂದುವರಿಸಿತು.

ಅದೇ ಸಂಸ್ಥೆ ನಗರಪಾಲಿಕೆಯ ಹೆರಿಗೆ ಆಸ್ಪತ್ರೆಗಳನ್ನು ಬಳಸಿದ ಬಡ ಮಹಿಳೆಯರ ಅನುಭವವನ್ನೂ ಸಂಗ್ರಹಿಸಿತು. ‘ತೃಪ್ತಿಯಾಯಿತೇ’ ಎಂಬಲ್ಲಿಗೆ ನಿಲ್ಲದೆ, ಯಾವ ಸೇವೆಗೆ ಹಣ ಕೊಡಬೇಕಾಯಿತು, ಯಾರಿಗೆ ಕೊಟ್ಟಿರಿ ಎಂದು ಕೇಳಿದಾಗ ನಿಜಸಂಗತಿ ಹೊರಬಂದಿತು. ಹೆತ್ತ ತಾಯಿಗೆ ಅವಳ ಕೂಸನ್ನು ತೋರಿಸುವುದಕ್ಕೂ ಹಣ ಕೇಳುವ ಪದ್ಧತಿ ಬೆಳಕಿಗೆ ಬಂದಿತು. ಮುಂದೆ ಹೆರಿಗೆ ಆಸ್ಪತ್ರೆಗಳಲ್ಲಿ ನಾಗರಿಕರ ಸನ್ನದನ್ನು ಪ್ರಕಟಿಸುವ, ಹೊರಗಿನವರನ್ನೊಳಗೊಂಡ ಸಂದರ್ಶಕ ಮಂಡಲಿಗಳನ್ನು ನೇಮಿಸುವ ಕ್ರಮಗಳು ಬಂದವು. ಓದುಬರಹ ಬಾರದ ಬಾಣಂತಿಯೊಬ್ಬಳ ಸಾಕ್ಷ್ಯವೂ, ಸರಿಯಾದ ಪ್ರಶ್ನೆ ದೊರೆತರೆ, ಆಡಳಿತವನ್ನು ಅಲುಗಿಸಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ.

ಅಮೆರಿಕದಲ್ಲಿ 2006ರಿಂದ ನಡೆದುಬಂದಿರುವ ರಾಷ್ಟ್ರೀಯ ಸಮೀಕ್ಷೆಯ ತತ್ತ್ವವೂ ಇದೇ. ‘ದಾದಿಯರು ನಿಮ್ಮ ಮಾತನ್ನು ಗಮನವಿಟ್ಟು ಎಷ್ಟು ಸಲ ಕೇಳಿದರು?’ ಎಂದು ಕೇಳಿ, ‘ಎಂದೂ ಇಲ್ಲ’ ಎಂಬುದರಿಂದ ‘ಯಾವಾಗಲೂ’ ಎಂಬವರೆಗೆ ಉತ್ತರ ಪಡೆಯುತ್ತಾರೆ. ಅಭಿಪ್ರಾಯಕ್ಕಿಂತ ಘಟನೆಯನ್ನು ಕೇಳುವುದು ಇಲ್ಲಿಯ ಜಾಣ್ಮೆ. ನಮ್ಮ ಕೇಂದ್ರ ಸರ್ಕಾರವೂ 2016ರಲ್ಲಿ ‘ಮೇರಾ ಅಸ್ಪತಾಲ್’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ರೋಗಿ ಮನೆಗೆ ಹೋದ ಮೇಲೆ ದೂರವಾಣಿಯ ಮೂಲಕ ಕೇಳಿ, ಅತೃಪ್ತಿಯಿದ್ದರೆ ಅದು ಸಿಬ್ಬಂದಿಯ ವರ್ತನೆಯಿಂದಲೋ, ಶುಚಿತ್ವದ ಕೊರತೆಯಿಂದಲೋ, ಖರ್ಚಿನಿಂದಲೋ, ಚಿಕಿತ್ಸೆಯಿಂದಲೋ ಎಂದು ತಿಳಿಯುವ ಏರ್ಪಾಡು ಅದು.

ದಯೆಯಲ್ಲ, ಹಕ್ಕು

ರೋಗಿಯ ಮಾತಿಗೆ ಈಗ ಕಾನೂನಿನ ಬಲವೂ ಇದೆ. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹಣ ಪಡೆದು ನೀಡುವ ವೈದ್ಯಕೀಯ ಸೇವೆಯು ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಸೇರುತ್ತದೆಂದು ವಿ. ಪಿ. ಶಾಂತಾ ಪ್ರಕರಣದಲ್ಲಿ ತೀರ್ಪಿತ್ತಿತು. ಕಾರ್ಮಿಕರ ರಾಜ್ಯ ವಿಮಾ ಆಸ್ಪತ್ರೆಗಳಿಗೂ ಇದು ಅನ್ವಯಿಸುತ್ತದೆಯೆಂದು 2007ರಲ್ಲಿ ಕಿಶೋರಿಲಾಲ್ ಪ್ರಕರಣದಲ್ಲಿ ಹೇಳಿತು. ಇದರ ತರ್ಕವು ಮನನೀಯವಾದುದು. ರಾಜಾಜಿನಗರದ ವಿಮಾ ಆಸ್ಪತ್ರೆಗೆ ಪೀಣ್ಯದ ಕಾರ್ಖಾನೆಯಿಂದ ಬರುವ ಕೆಲಸಗಾರನು ಬಾಗಿಲಲ್ಲಿ ಹಣ ಕೊಡುವುದಿಲ್ಲ, ನಿಜ. ಆದರೆ ಅವನ ಸಂಬಳದಿಂದ ತಿಂಗಳು ತಿಂಗಳೂ ವಂತಿಗೆ ಮುರಿಯಲ್ಪಟ್ಟಿದೆ. ಮಾಲೀಕನೂ ತನ್ನ ಪಾಲನ್ನು ತೆತ್ತಿದ್ದಾನೆ. 2019ರ ಜುಲೈಯಲ್ಲಿ ಈ ವಂತಿಗೆಯು ಕೆಲಸಗಾರನಿಗೆ ನೂರಕ್ಕೆ 0.75, ಮಾಲೀಕನಿಗೆ 3.25 ಎಂದು ನಿಗದಿಯಾಯಿತು. ಹೀಗಿರುವಾಗ ಆ ಕೆಲಸಗಾರನು ಅಲ್ಲಿ ಬೇಡಲು ಬಂದವನಲ್ಲ, ಪಾಲುದಾರ.

ಖಾಸಗಿ ಆಸ್ಪತ್ರೆಗಳ ವಿಷಯದಲ್ಲಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯು ರೋಗಿಗಳ ಸನ್ನದನ್ನೂ ಜಿಲ್ಲಾಮಟ್ಟದಲ್ಲಿ ದೂರು ಸಲ್ಲಿಸುವ ವ್ಯವಸ್ಥೆಯನ್ನೂ ಒದಗಿಸಿತು. ಆದರೆ ಕಾನೂನು ನೆರವಿಗೆ ಬರುವುದು ಅನರ್ಥವಾದ ಮೇಲೆ. ಅನರ್ಥವಾಗದಂತೆ ತಡೆಯುವುದು ಕಿವಿಗೊಡುವ ಅಭ್ಯಾಸ.

ನಾವು ಮಾಡಬಹುದಾದುದು

ಈ ವಿಚಾರಗಳಿಂದ ಹೊರಡುವ ಸಾರ ಇಷ್ಟು. ರೋಗಿಯನ್ನು ತೀರ್ಪುಗಾರನನ್ನಾಗಿ ಕೂರಿಸುವುದು ಬೇಡ, ಸಾಕ್ಷಿಯನ್ನಾಗಿ ಗೌರವಿಸೋಣ. ಚಿಕಿತ್ಸೆಯ ತಾಂತ್ರಿಕ ಗುಣವನ್ನು ವೈದ್ಯರೇ ಪರಸ್ಪರ ಪರೀಕ್ಷಿಸಿ ಸಾವುನೋವುಗಳ, ಸೋಂಕಿನ ಲೆಕ್ಕವನ್ನು ಪ್ರಾಮಾಣಿಕವಾಗಿ ಇಡಬೇಕು. ತನ್ನ ಕಣ್ಣಿಗೆ ಬಿದ್ದುದನ್ನೂ ಕಿವಿಗೆ ಬಿದ್ದುದನ್ನೂ ರೋಗಿ ಹೇಳಬೇಕು. ಒಂದು ಇನ್ನೊಂದಕ್ಕೆ ಬದಲಿಯಾಗದು.

ದಾನಿಗಳಲ್ಲಿ ಒಂದು ಸವಿನಯ ವಿಜ್ಞಾಪನೆ. ಒಂದು ವಾರ್ಡಿಗೋ ಯಂತ್ರಕ್ಕೋ ಹಣ ಕೊಡುವ ಮುನ್ನ ಆ ಆಸ್ಪತ್ರೆಯಿಂದ ಬಿಡುಗಡೆಯಾಗಿ ಹದಿನೈದು ದಿನ ಕಳೆದಿರುವ ಕೆಲವರನ್ನು ಅವರ ಮನೆಯಲ್ಲಿ, ಆಸ್ಪತ್ರೆಯವರು ಯಾರೂ ಜೊತೆಗಿಲ್ಲದೆ, ಕಂಡು ಮಾತನಾಡಿಸಿರಿ. ‘ಚೆನ್ನಾಗಿತ್ತೇ’ ಎಂದು ಕೇಳಬೇಡಿರಿ. ನಿಮ್ಮ ಕಾಯಿಲೆ ಏನೆಂದು ಯಾರಾದರೂ ಹೇಳಿದರೇ? ರಾತ್ರಿ ಕರೆದಾಗ ಎಷ್ಟು ಹೊತ್ತಿಗೆ ಬಂದರು? ರಸೀದಿಯಿಲ್ಲದೆ ಏನಾದರೂ ಕೊಟ್ಟಿರಾ? ನಿಮ್ಮನ್ನು ಏನೆಂದು ಕರೆದರು? ಮನೆಗೆ ಹೋದ ಮೇಲೆ ಯಾವ ಲಕ್ಷಣ ಕಂಡರೆ ತಿರುಗಿ ಬರಬೇಕೆಂದು ತಿಳಿಸಿದರೇ? ಈ ಐದು ಪ್ರಶ್ನೆಗಳಿಗೆ ಬರುವ ಉತ್ತರವು ಯಾವ ವಾರ್ಷಿಕ ವರದಿಯೂ ಹೇಳದಿರುವುದನ್ನು ಹೇಳೀತು. ಇನ್ನೊಂದು ಯಂತ್ರಕ್ಕಿಂತ ರಾತ್ರಿಪಾಳಿಗೆ ಇನ್ನಿಬ್ಬರು ದಾದಿಯರ ಸಂಬಳವೇ ಹೆಚ್ಚಿನ ಸೇವೆಯೆಂದು ಆಗ ತೋರಿದರೆ ಆಶ್ಚರ್ಯವಿಲ್ಲ. ಅದಕ್ಕೆ ಅಮೃತಶಿಲೆಯ ಫಲಕ ಇಲ್ಲದಿರಬಹುದು, ಅಷ್ಟೆ.

ಅಧ್ಯಾಪಕರ ಪಾಲಿನ ಕೆಲಸವು ಇದಕ್ಕೂ ಮುಂಚಿನದು. ಇಂದು ನಮ್ಮ ತರಗತಿಯಲ್ಲಿ ಕುಳಿತಿರುವ ಹುಡುಗರಲ್ಲಿ ಕೆಲವರು ನಾಳೆ ಬಿಳಿಯ ಕೋಟನ್ನು ತೊಡುವರು. ಉಳಿದವರೆಲ್ಲರೂ ಒಂದಲ್ಲ ಒಂದು ದಿನ ರೋಗಿಗಳಾಗಿಯೋ ರೋಗಿಯ ಜೊತೆಯವರಾಗಿಯೋ ಆ ಕೋಟಿನ ಎದುರು ನಿಲ್ಲುವರು. ಮೊದಲಿನವರಿಗೆ ಎದುರಿನವನ ಮಾತನ್ನು ಪೂರ್ತಿ ಕೇಳುವ ಸಹನೆಯನ್ನೂ, ಉಳಿದವರಿಗೆ ಹೆದರದೆ ವಿನಯದಿಂದ ಪ್ರಶ್ನೆ ಕೇಳುವ ಧೈರ್ಯವನ್ನೂ ಶಾಲೆಯೇ ಕಲಿಸಬೇಕು. ಆಗ ‘ಚೆನ್ನಾಗಿ ನೋಡಿಕೊಂಡರೇ?’ ಎಂಬ ಪ್ರಶ್ನೆಗೆ ಬರುವ ‘ಹೌದು’ ಎಂಬ ಉತ್ತರವು ದಾಕ್ಷಿಣ್ಯದ ಮಾತಾಗದೆ ಸತ್ಯದ ಮಾತಾಗುವುದು.